ಮೂರು ಸಂಜೆಯ ಲಾಟೀನು

"ಸುಳ್ಳು ಹೇಳದೇ ಇರೋ ಸೋಲಾರ್ ಲಾಟೀನು ಐತೇನ್ರಿ ನಿಮ್ಮಲ್ಲಿ?"

ತೊಂಬತ್ತೆಂಟರ ಶಿವರಾತ್ರಿ ಕಳೆದು ಮೂರನೇ ದಿನ, ಶನಿವಾರ ಮಧ್ಯಾಹ್ನ. ದಾವಣಗೆರೆ ಮಂಡಿಪೇಟೆಯ ನಮ್ಮ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಾನು ಯಾರದೋ ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ತಲೆ ಎತ್ತಿದೆ. ಅವತ್ತು ಎತ್ತಿದ ತಲೆ ಆಮೇಲೆ ಸರಿಯಾಗಿ ಕೆಲಸಕ್ಕೆ ಬಗ್ಗಲೇ ಇಲ್ಲ.

ಹಸಿರು ಕಾಟನ್ ಸೀರೆ, ಹೆಗಲಲ್ಲಿ ಪುಸ್ತಕದ ಚೀಲ, ಆಗಲೇ ಎರಡು ಅಂಗಡಿಯವರ ಜೊತೆ ವಾದ ಮಾಡಿ ಬಂದ ಮುಖ.

"ಲಾಟೀನು ಸುಳ್ಳು ಹೇಳಲ್ರಿ," ಅಂದೆ. "ಮಾರೋರು ಹೇಳ್ತಾರ."

"ನೀವು ಎಂಥೋರು ಮತ್ತೆ?"

"ನೋಡಿ ಹೇಳ್ರಿ."

ಅವಳು ನಿಜವಾಗಿಯೂ ನೋಡಿದಳು. ಹುಡುಗರ ಉತ್ತರಪತ್ರಿಕೆ ತಿದ್ದುವವರು ನೋಡುವ ಹಾಗೆ, ಮೇಲಿಂದ ಕೆಳಗೆ. ನನಗೆ ಎಷ್ಟು ಮಾರ್ಕ್ಸ್ ಬಿತ್ತೋ ಗೊತ್ತಾಗಲಿಲ್ಲ. ಸ್ಕ್ರೂಡ್ರೈವರ್ ಕೈಯಿಂದ ಜಾರಿ ಮಿಕ್ಸಿಯೊಳಗೆ ಬಿತ್ತು.

ಹೆಸರು ವಾಣಿಶ್ರೀ. ಹರಿಹರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ಯುಗಾದಿ ಮುಗಿದ ಮೇಲೆ ಮೂವತ್ತು ಜನ ಹುಡುಗಿಯರನ್ನು ಕರೆದುಕೊಂಡು ಉಕ್ಕಡಗಾತ್ರಿಯ ಹೊಳೆದಂಡೆಯಲ್ಲಿ ಹತ್ತು ದಿನ ಕ್ಯಾಂಪು ಮಾಡಬೇಕಿತ್ತು. ಟೆಂಟಿನಲ್ಲಿ ವಾಸ, ಕರೆಂಟಿನ ಮಾತೇ ಇಲ್ಲ. ಮನೆಯಲ್ಲೂ ಸಂಜೆ ಆರರಿಂದ ಎಂಟರವರೆಗೆ ಲೋಡ್ ಶೆಡ್ಡಿಂಗ್. ಕ್ಯಾಂಪಿಗೂ ಆಗಬೇಕು, ಮನೆಗೂ ಆಗಬೇಕು, ಅಂಥದ್ದೊಂದು ಲಾಟೀನು ಬೇಕು ಅಂದಳು.

ನಾನು ಮೂರು ತಂದು ಕೌಂಟರಿನ ಮೇಲೆ ಸಾಲಾಗಿ ಇಟ್ಟೆ.

"ಇದು ಸಣ್ಣದು. ನೋಡಾಕೆ ಚೆಂದ, ಎರಡು ಗಂಟೆಗೆ ಕಣ್ಣು ಮುಚ್ಚತೈತೆ. ಇದು ದೊಡ್ಡದು, ಊರಿಗೆಲ್ಲ ಬೆಳಕು, ಹೊರಾಕೆ ಒಂದು ಎತ್ತು ಬೇಕು. ನಡುವಿನದು ನೋಡ್ರಿ. ಪ್ಯಾನೆಲ್ ಬ್ಯಾರೆ, ವೈರ್ ಉದ್ದ. ಪ್ಯಾನೆಲ್ ಮಾಳಿಗೆ ಮ್ಯಾಲೆ ಬಿಸಿಲಿಗಿಡ್ರಿ, ಲಾಟೀನು ಕೆಳಗೆ ನೆರಳಿಗಿಡ್ರಿ. ದಿನಪೂರ್ತಿ ಬಿಸಿಲು ಕುಡಿದ್ರೆ ನಾಲ್ಕು ತಾಸು ಬೆಳಕು."

"ಷಟರ್ ಇಳಿಸ್ರಿ, ನೋಡೋಣ."

"ಆಂ?"

"ಇಷ್ಟು ಬೆಳಕಿನಾಗೆ ಲಾಟೀನು ಹೆಂಗೆ ನೋಡೋದು?"

ಷಟರ್ ಮುಕ್ಕಾಲು ಇಳಿಸಿದೆ. ಅವಳು ಪೇಪರ್ ತೆಗೆದು ಲಾಟೀನಿನ ಪಕ್ಕ ಹಿಡಿದು ಮಾರುಕಟ್ಟೆ ಧಾರಣೆಯ ಸಣ್ಣಕ್ಷರ ಓದತೊಡಗಿದಳು. ಮೆಕ್ಕೆಜೋಳ, ಶೇಂಗಾ, ಹತ್ತಿ. ಬಿಳೀ ಬೆಳಕು ಕೆಳಗಿನಿಂದ ಗಲ್ಲಕ್ಕೆ ಬಿದ್ದಿತ್ತು, ಮೂಗುಬೊಟ್ಟು ಮಿಣುಕುತ್ತಿತ್ತು. ಓದುತ್ತ ಓದುತ್ತ ಒಮ್ಮೆ ಕಣ್ಣೆತ್ತಿದಳು. ನಾನು ನೋಡುತ್ತಿದ್ದದ್ದು ಲಾಟೀನನ್ನೇ ಅಂತ ತೋರಿಸಿಕೊಳ್ಳಲು ಅದರ ತಲೆ ಸವರಿದೆ. ಅವಳ ತುಟಿಯ ತುದಿಯಲ್ಲಿ ನಗು ಬಂದು ಹಾಗೇ ಒಳಗೆ ಹೋಯಿತು.

ನಮ್ಮ ಅಂಗಡಿಯಲ್ಲೊಂದು ಪದ್ಧತಿ ಇದೆ, ಅಪ್ಪ ಬಕ್ಕೇಶಪ್ಪ ಹಾಕಿದ್ದು. ಲಾಟೀನು ಯಾರಿಗೂ ಕೂಡಲೇ ಮಾರುವುದಿಲ್ಲ. ಮನೆಗೊಯ್ದು ಮೂರು ಸಂಜೆ ಉರಿಸಿ ನೋಡಬೇಕು, ಒಪ್ಪಿಗೆಯಾದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ವಾಪಸ್. "ಅಂಗಡಿಯಾಗೆ ಎಲ್ಲ ದೀಪಾನೂ ಚೆಂದ ಕಾಣ್ತಾವು, ಮನೆಯಾಗೆ ನೋಡಬೇಕು," ಅನ್ನುವುದು ಅಪ್ಪನ ಮಾತು. ಈ ಪದ್ಧತಿಯಿಂದ ಅಂಗಡಿಗೆ ಲಾಭವಾಗಿದ್ದು ಕಡಿಮೆ. ನನಗಾದದ್ದನ್ನು ಹೇಳುತ್ತೇನೆ.

ಮುಂದಿನ ಶನಿವಾರ ಅವಳು ಬಸ್ಸಿಳಿದು ಸೀದಾ ಬಂದು ಲಾಟೀನು ಕೌಂಟರಿನ ಮೇಲೆ ಕುಕ್ಕಿದಳು.

"ನಲವತ್ತು ನಿಮಿಷ."

"ಏನ್ರಿ?"

"ನಾಲ್ಕು ತಾಸು ಅಂದ್ರಿ. ನಲವತ್ತು ನಿಮಿಷಕ್ಕೆ ಮಲಗ್ತು. ಮೂರು ಸಂಜೆನೂ ಅಷ್ಟೇ."

ನನಗೆ ನಾಚಿಕೆಯಾಯಿತು. ಅದೇ ತರಹದ ಇನ್ನೊಂದು ಕೊಟ್ಟೆ. ಅದರ ಮುಂದಿನ ಶನಿವಾರ ಅದೂ ಬಂತು.

"ನಿಮ್ಮ ದಾವಣಗೆರೆ ಸೂರ್ಯ ಬ್ಯಾರೆ, ನಮ್ಮ ಹರಿಹರದ ಸೂರ್ಯ ಬ್ಯಾರೆ ಇರಬೇಕು ಬಿಡ್ರಿ," ಅಂದಳು. ಬೈಗುಳದಲ್ಲಿ ಸಿಟ್ಟು ಕಡಿಮೆಯಾಗಿತ್ತು. ಸ್ಟೂಲ್ ಎಳೆದು ಕೂತು, ಚಹಾ ಬ್ಯಾಡ ಅಂದು, ತರಿಸಿದ ಮೇಲೆ ಕುಡಿದಳು. ಕ್ಯಾಂಪಿನಲ್ಲಿ ಹುಡುಗಿಯರಿಗೆ ಹೊಳೆದಂಡೆಯ ಗಿಡಗಳನ್ನು ಪರಿಚಯಿಸುವುದು, ಸಂಜೆ ಟೆಂಟಿನಲ್ಲಿ ಕೂತು ಅವುಗಳ ಚಿತ್ರ ಬರೆಸುವುದು, ಎಲ್ಲ ಹೇಳಿದಳು. ಮಾತಾಡುವಾಗ ಬೆರಳಿನಿಂದ ಕೌಂಟರಿನ ಗಾಜಿನ ಮೇಲೆ ಎಲೆ ಬರೆಯುತ್ತಿದ್ದಳು. ಅವಳು ಮೂರನೇ ಲಾಟೀನು ಹಿಡಿದು ಹೋದ ಮೇಲೆ ನಾನು ಆ ಗಾಜು ಒರೆಸಲಿಲ್ಲ.

ವಾಪಸ್ ಬಂದ ಪ್ಯಾನೆಲ್ಲನ್ನು ಮಾತ್ರ ಒರೆಸಲು ಕೈಗೆತ್ತಿಕೊಂಡೆ. ಚೌಕಟ್ಟಿನ ಸಂದಿಯಲ್ಲಿ ಏನೋ ಬೆಳ್ಳಗೆ ಅಂಟಿಕೊಂಡಿತ್ತು. ಕೆರೆದು ಮೂಸಿದೆ. ಜೀರಿಗೆ, ಹಸಿಮೆಣಸಿನಕಾಯಿ. ನಾಲಿಗೆಗೂ ಹಚ್ಚಿ ನೋಡಿದೆ. ಅಕ್ಕಿ ಸಂಡಿಗೆ.

ಎಲ್ಲ ತಿಳಿದುಹೋಯಿತು. ಇವಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಯಾರೋ ಹಿರಿಯರು ಪ್ಯಾನೆಲ್ಲಿನ ಮೇಲೆ ಸಂಡಿಗೆ ಒಣಹಾಕುತ್ತಿದ್ದಾರೆ, ಇವಳು ಬರುವಷ್ಟರಲ್ಲಿ ತೆಗೆದು ಒರೆಸಿಡುತ್ತಿದ್ದಾರೆ. ಬಿಸಿಲೆಲ್ಲ ಸಂಡಿಗೆಯ ಪಾಲು, ಲಾಟೀನಿಗೆ ಉಪವಾಸ.

ಹರಿಹರದ ಕಾಲೇಜಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ರಿಸೀವರ್ ಎತ್ತಿದೆ, ಇಟ್ಟೆ. ಎತ್ತಿದೆ, ಇಟ್ಟೆ. ಹೇಳಿದರೆ ಲಾಟೀನು ನಾಲ್ಕು ತಾಸು ಉರಿಯುತ್ತದೆ. ನಾಲ್ಕು ತಾಸು ಉರಿಯುವ ಲಾಟೀನನ್ನು ಯಾರು ವಾಪಸ್ ತರುತ್ತಾರೆ? ಶನಿವಾರಗಳು ಅಲ್ಲಿಗೆ ಮುಗಿದವು. ಅಷ್ಟು ಕೈಲಾಗದವನಾಗಿದ್ದೆ ನಾನು. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ನಾಲ್ಕನೇ ಶನಿವಾರ ಅವಳು ಕೂರಲಿಲ್ಲ. ಕೈಯಲ್ಲಿ ಲಾಟೀನೂ ಇರಲಿಲ್ಲ.

"ನಾಳೆ ನೀವೇ ಹರಿಹರಕ್ಕೆ ಬಂದು ಅದೇನಾಗೈತೆ ನೋಡಬೇಕಂತೆ. ಅಪ್ಪಾಜಿ ಹೇಳಿ ಕಳಿಸ್ಯಾರ."

"ನಾಳೆ ಏನು ವಿಶೇಷ?"

ಅವಳು ಬೀದಿಯ ಕಡೆ ನೋಡಿದಳು. "ಮಾಯಕೊಂಡದಿಂದ ನನ್ನ ನೋಡಾಕೆ ಬರ್ತಾರ. ಬರೋ ಹೊತ್ತಿಗೆ ಕರೆಂಟ್ ಇರಲ್ಲ. ಹುಡುಗಿ ಮುಖ ಕಾಣಬೇಕಲ್ಲ."

ಎಂಥ ಪೆದ್ದು ಪ್ರಶ್ನೆ ಕೇಳಿದೆ ನೋಡಿ: "ಹುಡುಗ ಹೆಂಗಂತೆ?"

"ಒಳ್ಳೆಯವನಂತೆ. ಮದುವೆ ಆದಮೇಲೆ ಕೆಲಸ ಬಿಡಬೇಕಂತೆ. ಕ್ಯಾಂಪು ಗೀಂಪು ಎಲ್ಲ ಈಗಲೇ ಬಿಡಬೇಕಂತೆ." ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಮ್ಮಜ್ಜಿದೊಂದು ಪದ್ಧತಿ ಐತ್ರಿ. ದೀಪದ ಮುಂದೆ ಇಲ್ಲ ಅನ್ನಬಾರದು. ಅಕ್ಕಿ ಮುಗಿದ್ರೂ ದೀಪ ಹಚ್ಚಿದ ಮ್ಯಾಲೆ 'ಅಕ್ಕಿ ಹೆಚ್ಚಾಗೈತೆ' ಅನ್ನಬೇಕು. ಹುಟ್ಟಿದಾಗಿಂದ ಆ ಮನೆಯಾಗೆ ಯಾರೂ ಅಂದಿಲ್ಲ. ನಾನು ಹೆಂಗೆ ಅನ್ನಲಿ?"

ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಹರಿಹರದ ಅವರ ಮನೆ ಮಾಳಿಗೆ ಹತ್ತಿದೆ. ಅವಳೂ ಹಿಂದೆ ಬಂದಳು. ಅವಳಜ್ಜಿ ಮರುಳಸಿದ್ದಮ್ಮ ಪ್ಯಾನೆಲ್ಲಿನ ಪಕ್ಕ ಚಾಪೆ ಹಾಕಿಕೊಂಡು ಕೂತಿದ್ದರು. ಗಾಜಿನ ತುಂಬ ಸಂಡಿಗೆ. ಬೀಗರಾಗುವವರು ಬರುವ ದಿನ ಅಂತ ಎರಡು ಸಾಲು ಹೆಚ್ಚಿಗೇ ಇಟ್ಟಿದ್ದರು.

"ಅಜ್ಜಿ, ಇದೇನು?" ಅಂದಳು ವಾಣಿಶ್ರೀ.

"ಬಿಸಿಲಿಗೆ ಕಾದಿರತೈತಲ್ಲೇ, ಒಂದೇ ದಿನಕ್ಕೆ ಗರಿಗರಿ ಒಣಗ್ತಾವು. ಭಾಳ ಚಲೋ ಹಲಗೆ," ಅಂದರು ಅಜ್ಜಿ. ನನ್ನ ಕಡೆ ತಿರುಗಿ, "ನೀನು ಮಾರಿದ್ದೇನಪ್ಪಾ? ಇನ್ನೊಂದು ಸಿಕ್ಕತೈತೇನು?"

ವಾಣಿಶ್ರೀಗೆ ಮೊದಲು ನಗು ಬಂತು. ನಗುತ್ತಲೇ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅವಳ ನಗು ನಿಂತಿತು.

"ನಿಮಗೆ ಗೊತ್ತಿತ್ತು."

ಅಜ್ಜಿ ಸಂಡಿಗೆ ಮೊರಕ್ಕೆ ತುಂಬಿಕೊಂಡು ಕೆಳಗಿಳಿದರು. ಆಮೇಲೆ, "ಎಂಟು ದಿನದಿಂದ," ಅಂದೆ.

"ಯಾಕ ಹೇಳಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ."

ಇದು ಒಂದು ಪ್ರೇಮ ನಿವೇದನೆ. ಇಷ್ಟು ಕೆಟ್ಟದಾಗಿ ಯಾರೂ ಮಾಡಿರಲಿಕ್ಕಿಲ್ಲ. ಅವಳ ಕಣ್ಣು ತುಂಬಿತೋ ಬಿಸಿಲಿಗೆ ಹಾಗೆ ಕಂಡಿತೋ. "ನನ್ನ ಮೂವತ್ತು ಹುಡುಗೇರು ಕತ್ತಲಾಗೆ ಕೂತಿದ್ರೂ ನಿಮಗೆ ನಡೀತಿತ್ತೇನು?" ಅಂದಳು. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದಳು. ನಾನು ಗಾಜನ್ನು ನನ್ನ ಕರ್ಚೀಫಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಸೂರ್ಯ ಆಗಲೇ ತೆಂಗಿನ ಮರದ ಮಟ್ಟಕ್ಕೆ ಇಳಿದಿದ್ದ.

ಆರಕ್ಕೆ ಕರೆಂಟ್ ಹೋಯಿತು. ಏಳಕ್ಕೆ ಹತ್ತು ನಿಮಿಷ ಇರುವಾಗ ಮಾಯಕೊಂಡದವರು ಬಂದರು. ಅವಳ ತಂದೆ ಶಿವಮೂರ್ತಪ್ಪ ನನ್ನನ್ನು ಬಾಗಿಲ ಪಕ್ಕ ಕೂರಿಸಿ, "ನೀವು ಇಲ್ಲೇ ಇರ್ರಿ, ಕೈ ಕೊಟ್ಟೀತು," ಅಂದರು. ನಡುಮನೆಯಲ್ಲಿ ಲಾಟೀನು ಹಚ್ಚಿದೆ. ಅಜ್ಜಿ "ಶರಣು" ಅಂತ ಕೈ ಮುಗಿದರು, ಎಲ್ಲರೂ ಮುಗಿದರು. ನಾನೂ ಮುಗಿದೆ. ನಾನೇ ಆರಿಸಿಕೊಟ್ಟ ಬೆಳಕಿನಲ್ಲಿ ಅವಳನ್ನು ಇನ್ನೊಬ್ಬರು ನೋಡಲಿದ್ದರು. ಅದನ್ನು ಆರದ ಹಾಗೆ ಕಾಯುವ ಕೆಲಸವೂ ನನ್ನದೇ.

ಹುಡುಗ ಮಹಾಂತೇಶ್ ನಿಜಕ್ಕೂ ಒಳ್ಳೆಯವನ ಹಾಗೆ ಕಂಡ. ಅದು ಇನ್ನೂ ಕಷ್ಟವಾಯಿತು. ಅವಳು ಅವಲಕ್ಕಿ ತಟ್ಟೆ ತಂದಿಟ್ಟು ಲಾಟೀನಿನ ಎದುರು ಕೂತಳು. ಅದೇ ಬೆಳಕು, ಅದೇ ಮೂಗುಬೊಟ್ಟು. ಕಣ್ಣು ಮಾತ್ರ ಒಮ್ಮೆಯೂ ಬಾಗಿಲ ಕಡೆ ಬರಲಿಲ್ಲ. ಊರು, ಮಳೆ, ಬೆಳೆ ಅಂತ ಮಾತು ಅರ್ಧ ತಾಸು ಎಳೆಯಿತು. ಕಡೆಗೆ ಹುಡುಗನ ದೊಡ್ಡಪ್ಪ ಉಜ್ಜನಪ್ಪ ಗಂಟಲು ಸರಿಮಾಡಿಕೊಂಡರು.

"ನಮ್ಮ ಕಡೆಯಿಂದ ಒಪ್ಪಿಗೆ. ಹುಡುಗಿ ಏನಂತೈತಿ? ದೀಪದ ಮುಂದೆ ಒಂದು ಮಾತು ಹೇಳಿಬಿಡವ್ವ."

ಶಿವಮೂರ್ತಪ್ಪ ಮಗಳನ್ನು ನೋಡಿದರು. ಅಜ್ಜಿ ಮೊಮ್ಮಗಳನ್ನು ನೋಡಿದರು. ಅವಳು ತಲೆ ಎತ್ತಿ, ಆ ಸಂಜೆ ಮೊದಲ ಸಲ, ನನ್ನನ್ನು ನೋಡಿದಳು.

"ಇದು ಇನ್ನು ಎಷ್ಟು ಹೊತ್ತು ಉರಿತೈತ್ರಿ? ಈ ಸಲ ಖರೆ ಹೇಳ್ರಿ."

ಚಾರ್ಜು ಮುಗಿಯಿತು ಅನ್ನುವ ಲಾಟೀನಿನ ಕೆಂಪು ಸೂಚಕ ಆಗಲೇ ಮಿನುಗುತ್ತಿತ್ತು. ಹೇಳಿದರೆ ಬೀಗರೆದುರು ಅಪ್ಪನ ಅಂಗಡಿಯ ಮಾನ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆ ಅನ್ನುವುದು ಎದುರಿಗೇ ಕೂತಿತ್ತು.

"ಐದು ನಿಮಿಷ," ಅಂದೆ. "ಹೆಚ್ಚಂದ್ರೆ ಆರು."

"ಹಂಗಾದ್ರೆ ಆರು ನಿಮಿಷ ತಡೀರಿ, ಹೇಳ್ತೀನಿ," ಅಂತ ಅವಳು ಉಜ್ಜನಪ್ಪನವರ ತಟ್ಟೆಗೆ ಇನ್ನಷ್ಟು ಅವಲಕ್ಕಿ ಬಡಿಸಿದಳು.

ಯಾರಿಗೂ ಏನೂ ಅರ್ಥವಾಗಲಿಲ್ಲ, ಅಜ್ಜಿಯೊಬ್ಬರನ್ನು ಬಿಟ್ಟು. ಅಜ್ಜಿ ಬಾಯಿ ತೆರೆದರು, ಮೊಮ್ಮಗಳ ಮುಖ ನೋಡಿದರು, ಮುಚ್ಚಿದರು. ಬೆಳಕು ಹಳದಿಗೆ ತಿರುಗಿತು, ನಡುಗಿತು, ಹೋಯಿತು. ಶಿವಮೂರ್ತಪ್ಪ ಬೆಂಕಿಪೊಟ್ಟಣಕ್ಕೆ ತಡಕಾಡುವ ಸದ್ದಾಯಿತು.

"ಬೆಂಕಿಪೊಟ್ಟಣ ನನ್ನ ಹತ್ರ ಐತೆ, ತಡಿ," ಅಂದರು ಅಜ್ಜಿ. ಗೀರಲಿಲ್ಲ.

ಕತ್ತಲಲ್ಲಿ ಅವಳ ದನಿ ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು. "ನನಗೆ ಒಪ್ಪಿಗೆ ಇಲ್ರಿ. ನಾನು ಕೆಲಸ ಬಿಡಲ್ಲ. ತಪ್ಪು ತಿಳೀಬ್ಯಾಡ್ರಿ."

ಮೊದಲು ಮಾತಾಡಿದವನು ಮಹಾಂತೇಶ್. "ಈಗಲೇ ಹೇಳಿದ್ದು ಒಳ್ಳೇದಾತು ಬಿಡ್ರಿ. ಮದುವೆ ಆದಮ್ಯಾಲೆ ತಿಳಿದಿದ್ರೆ ಇಬ್ಬರಿಗೂ ಕಷ್ಟ." ಅಜ್ಜಿ ಆಮೇಲೆ ಕಡ್ಡಿ ಗೀರಿ ಚಿಮಣಿ ಹಚ್ಚಿದರು.

ಅವರು ಹೊರಟುಹೋದರು. ಶಿವಮೂರ್ತಪ್ಪ ಯಾರ ಜೊತೆಗೂ ಮಾತಾಡದೆ ಒಳಗೆ ಹೋಗಿ ಮಲಗಿದರು. ಅವರ ಮೌನ ಒಂದೆರಡು ದಿನಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ನಾನು ಲಾಟೀನು ಚೀಲಕ್ಕೆ ಹಾಕಿಕೊಂಡು ಹೊರಗಿನ ಕಟ್ಟೆಗೆ ಬಂದೆ. ಬೀದಿಯೆಲ್ಲ ಕತ್ತಲು. ಹಿಂದೆ ಬಳೆ ಸದ್ದಾಯಿತು.

"ಸಿಟ್ಟು ಹೋಗಿಲ್ಲ ನನಗೆ," ಅಂದಳು.

"ಹೋಗಬಾರದು ಬಿಡ್ರಿ."

"ಐದು ನಿಮಿಷ ಅಂತ ಯಾಕ ಹೇಳಿದ್ರಿ? ಅಂಗಡಿ ಮರ್ಯಾದಿ ಹೋಗ್ತಿತ್ತಲ್ಲ."

"ನೀವು ಖರೆ ಕೇಳಿದ್ರಲ್ಲ."

ಅವಳು ಕಟ್ಟೆಯ ಇನ್ನೊಂದು ತುದಿಗೆ ಕೂತಳು. ನಾನು ಗಟ್ಟಿ ಮನಸ್ಸು ಮಾಡಿದೆ. "ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು—"

"ಈಗ ಬ್ಯಾಡ."

ಸರಿ ಅಂತ ಎದ್ದೆ.

"ಕೂಡ್ರಿ," ಅಂದಳು. "ಕರೆಂಟ್ ಬಂದಮ್ಯಾಲೆ ಕೇಳ್ರಿ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜಿಯ ದೀಪದ ಪದ್ಧತಿ ನೆನಪಾದ ಮೇಲೆ ಕೂತೆ. ಕರೆಂಟ್ ಹೋಗುವುದರಿಂದಲೇ ಹೊಟ್ಟೆ ಹೊರೆಯುವ ನಾನು ಅವತ್ತು ಕರೆಂಟ್ ಬರಲಿ ಅಂತ ಊರ ಹರಿಹರೇಶ್ವರನಿಗೆ ಹರಕೆ ಹೊತ್ತೆ. ಎಂಟಾಯಿತು, ಬರಲಿಲ್ಲ. ಎಂಟೂಕಾಲಾಯಿತು. ಅವಳು ಬೆರಳಿನಿಂದ ಕಟ್ಟೆಯ ಮೇಲೆ ಎಲೆ ಬರೆಯುತ್ತಿದ್ದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಕಾಯುವುದನ್ನು ಬಿಟ್ಟು.

ಆಮೇಲೆ ಬೀದಿಯ ಆ ತುದಿಯಿಂದ ಒಂದೊಂದೇ ದೀಪ ಹೊತ್ತಿಕೊಳ್ಳುತ್ತ ಬಂತು. ತಲೆಯ ಮೇಲಿನ ಬಲ್ಬ್ ಹತ್ತಿತು. ಒಳಗಿಂದ ಅಜ್ಜಿ "ಶರಣು" ಅಂದದ್ದು ಬೇಕೆಂದೇ ಜೋರಾಗಿತ್ತು. ವಾಣಿಶ್ರೀ ಕೈ ಮುಗಿದು, ಇಳಿಸಿ, ನನ್ನ ಕಡೆ ತಿರುಗಿ ಕೂತಳು.

ಅಷ್ಟು ಹೊತ್ತು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಂಗಡಿಯವನ ಬಾಯಿಗೆ ಅಂಗಡಿಯ ಮಾತೇ ಬಂತು.

"ಮೂರು ಸಂಜೆ ನೋಡಿ ಹೇಳ್ತೀರೇನ್ರಿ?"

ಅವಳು ನನ್ನ ಮುಖವನ್ನು ಮತ್ತೆ ಮೇಲಿಂದ ಕೆಳಗೆ ನೋಡಿದಳು. ಈ ಸಲ ನಗು ಒಳಗೆ ಹೋಗಲಿಲ್ಲ.

"ನೋಡಿದ್ದಾಗೈತೆ," ಅಂದಳು. "ವಾಪಸ್ ತರಲ್ಲ."