ಎಡಗಡೆಯ ಗುಂಡಿ

"ನಾಳೆ ಬೆಳಗ್ಗೆ ನಮ್ಮ ಮಾಮನ್ನ ಪೈತ್ಯ ಅಂತ ಹುಚ್ಚಾಸ್ಪತ್ರೆಗೆ ಸೇರಿಸ್ತಾರೆ ಅಣ್ಣಾ. ಕೊಯಮತ್ತೂರಿಂದ ಕಾರಿಗೂ ಹೇಳಿಯಾಗಿದೆ. ನೀವೇ ಕಾಪಾಡಬೇಕು!" ಎಂದು ರುಕ್ಮಣಿ ನಮ್ಮ ಜಗುಲಿಯ ಕಂಬ ಹಿಡಿದುಕೊಂಡು ಗೋಳೋ ಅಂತ ಅತ್ತಳು. ನಮ್ಮಣ್ಣ ಚೆನ್ನಕೇಶವನ್ ಮಾತ್ರ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

ನಾನು ಅಮ್ಮಣಿ, ಅವನ ತಂಗಿ. ಗಂಡನ ಮನೆ ಸಾಕಪ್ಪಾ ಸಾಕು ಎಂದು ಬಂದು ಅವನ ಜೊತೆ ಪಲ್ಲಡಂನಲ್ಲಿ ಇದ್ದವಳು. ಪೊಲೀಸ್ ಕೆಲಸದಿಂದ ನಿವೃತ್ತನಾದರೂ ಅವನ ಮೂಗು ನಿವೃತ್ತವಾಗಿರಲಿಲ್ಲ. ನಮ್ಮ ನೇಕಾರರ ಬೀದಿಯಲ್ಲಿ ಏನು ಕಳೆದುಹೋದರೂ ಜನ ಅವನ ಹತ್ತಿರವೇ ಓಡಿ ಬರುತ್ತಿದ್ದರು. ಬಂದವರಿಗೆಲ್ಲ ಕಾಫಿ ಕಾಸುವುದು ನನ್ನ ಹಣೆಬರಹ. ಇದು ಎಂಬತ್ತಾರನೇ ಇಸವಿ, ಆಯುಧಪೂಜೆ ಮುಗಿದ ಮರುವಾರದ ಮಾತು.

ರುಕ್ಮಣಿಯ ಮಾಮ, ಅಂದರೆ ಅವಳ ಗಂಡನ ಅಪ್ಪ, ಪವರ್‌ಲೂಮ್ ಸುಬ್ಬಯ್ಯನ್. ಕಳೆದ ದೀಪಾವಳಿಯಾದ ಮೇಲೆ ಅವರಿಗೆ ಲಕ್ವ ಹೊಡೆದು, ಬಲಗೈ ಮಾತ್ರ ಸರಿಯಾಗಿ ಆಡುತ್ತಿತ್ತು. ನೋಡಲು ಬಂದ ತಂಗಿಮಗ ಸಿಂಗಪೂರಿನಿಂದ ಅಂಗೈಯಗಲದ ಆಟದ ಮಿಷಿನ್ ತಂದುಕೊಟ್ಟಿದ್ದ. ಮೇಲಿನಿಂದ ಮೊಟ್ಟೆಗಳು ಬೀಳುತ್ತವೆ, ಎಡಗುಂಡಿ ಬಲಗುಂಡಿ ಒತ್ತಿ ಬುಟ್ಟಿಯಲ್ಲಿ ಹಿಡಿಯಬೇಕು. ಅದನ್ನು ಎದೆಯ ಮೇಲಿಟ್ಟುಕೊಂಡು ಮುದುಕ ಬೆಳಗಿನಿಂದ ಸಂಜೆವರೆಗೆ ಟಿಕ್ ಟಿಕ್ ಎನ್ನಿಸುತ್ತಿದ್ದರು. ಆಡಿ ಆಡಿ ಎಡಗಡೆಯ ಗುಂಡಿ ಸವೆದು ಸತ್ತೇ ಹೋಯಿತು.

"ನಮ್ಮ ಮೈದುನ ರಾಜೇಂದ್ರನ್ ಹೋದ ತಿಂಗಳು ಅದನ್ನ ರಿಪೇರಿಗೆ ಕೊಯಮತ್ತೂರಿನ ಉಕ್ಕಡಕ್ಕೆ ಒಯ್ದು, ಅಂಥದ್ದೇ ಹೊಸದು ತಂದರು. ಹಳೇದನ್ನ ಎಸೆದಾಯ್ತು ಅಂದರು ಅತ್ತೆ. ಆಮೇಲೆ ಶುರುವಾಯ್ತು ನೋಡಿ. ಮಾಮ ಕಿರುಚ್ತಾರೆ, ಎಡಗಡೆ ಹಿಡೀತಿಲ್ಲ ಅಂತ. ನಾವೆಲ್ಲ ಬಂದು ಒತ್ತಿದರೆ ಚೆನ್ನಾಗೇ ಹಿಡಿಯುತ್ತೆ! ಯಾರೋ ಮಿಷಿನ್ ಬದಲಾಯಿಸ್ತಾರೆ ಅಂತ ಅಳ್ತಾರೆ. ಊಟ ಬಿಟ್ಟರು. ಮೊನ್ನೆ ಮೈದುನನ ಕೈ ಕಚ್ಚಿಬಿಟ್ಟರು."

"ನಿನಗೆ ಯಾರ ಮೇಲೆ ಸಂಶಯ?"

ರುಕ್ಮಣಿ ಸೆರಗಿನಿಂದ ಮೂಗೊರೆಸಿಕೊಂಡಳು. "ಮೈದುನನಿಗೆ ಮಾಮನ ಮಗ್ಗದ ಶೆಡ್ಡು ಬೇಕು. ಗಂಡ ಸತ್ತ ನನ್ನನ್ನ ಆ ಮನೇಲಿ ಇರಗೊಟ್ಟಿರೋದೇ ಮಾಮ. ಅವರು ಹೋದರೆ ನಾನು ಬೀದಿಪಾಲು."

ನಾವು ಹೋದಾಗ ಸುಬ್ಬಯ್ಯನ್ ಅವರನ್ನು ಮಂಚಕ್ಕೆ ಹಳೆಯ ಪಂಚೆಯಿಂದ ಕಟ್ಟಿಹಾಕಿದ್ದರು. ಅಯ್ಯೋ, ಒಂದು ಕಾಲದಲ್ಲಿ ಇವರು ಕೆಮ್ಮಿದರೆ ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಈಗ ಜೊಲ್ಲು ಸುರಿಸುತ್ತಾ, "ಬದಲಾಯ್ಸ್ತಾರೆ... ಬದಲಾಯ್ಸ್ತಾರೆ..." ಎನ್ನುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಕಣ್ಣಮ್ಮ ಕೂತು, ಹಣೆತುಂಬ ಕುಂಕುಮ ಇಟ್ಟುಕೊಂಡು, ಗಂಜಿ ಕುಡಿಸುತ್ತಿದ್ದರು. ಬಾಯೊರೆಸಿ, ಮಿಷಿನನ್ನೂ ಸೆರಗಿನಿಂದ ಒರೆಸಿ ಮತ್ತೆ ಕೈಗೆ ಕೊಟ್ಟರು. ಎದ್ದು ಒಳಗೆ ಹೋಗುವಾಗ ಅವರ ಎಡಗಾಲಿನ ಗಂಟಿನ ಸುತ್ತ ಬಳೆಯಂತೆ ಒಂದು ಕಪ್ಪು ಕಲೆ ನನಗೆ ಕಂಡಿತು.

ರಾಜೇಂದ್ರನ್ ಕಪ್ಪು ಅಂಗಿಯವನು, ದೇವರಿಲ್ಲ ಎಂದು ಕೂಟಗಳಲ್ಲಿ ಭಾಷಣ ಮಾಡುವವನು. "ಬನ್ನಿ ಅಣ್ಣಾ, ನೋಡಿ ನಮ್ಮ ಮನೆಯ ನಾಟಕ! ಆಯುಧಪೂಜೆಗೆ ಲಾಳಿ, ಕತ್ತರಿ ಜೊತೆ ಈ ಆಟದ ಸಾಮಾನಿಗೂ ಗಂಧ ಕುಂಕುಮ ಹಚ್ಚಿಸಿಕೊಂಡರು ಅಪ್ಪ. ಇದೇ ಈಗ ನನ್ನ ಮಗ್ಗ ಅಂತ. ನಾನು ಆ ಕುಂಕುಮದ ತಟ್ಟೆ ಕಂಡ್ರೇ ಮನೆಯಿಂದ ಹೊರಗೆ ಹೋಗೋನು."

"ನೀನಮ್ಮಾ?" ಅಣ್ಣ ರುಕ್ಮಣಿಯನ್ನು ಕೇಳಿದ.

"ನಾನು ಹಿತ್ತಲಲ್ಲೇ ಇದ್ದೆ. ಕುಂಕುಮದ ತಟ್ಟೆ ನಾನು ಮುಟ್ಟಿದರೆ ಅತ್ತೆ ಬಿಡ್ತಾರಾ?"

ಅಣ್ಣ ಮಿಷಿನನ್ನು ತಿರುಗಿಸಿ ಬ್ಯಾಟರಿಯ ಮುಚ್ಚಳದ ಸಂದನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಶೆಡ್ಡಿಗೆ ಹೋಗಿ ನೂಲಿನ ಮೂಟೆಗಳನ್ನೆಲ್ಲ ತಡಕಿದ. ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಉಕ್ಕಡಕ್ಕೂ ಹೋಗಿ ಬಂದ. ಏನು ಸಿಕ್ಕಿತೋ ಎಂದು ಕೇಳಿದ್ದಕ್ಕೆ, "ಕಾಫಿ ಕೊಡೇ," ಎಂದ. ನನಗೆ ಮೈಯೆಲ್ಲ ಉರಿಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮುದುಕನ ಮಂಚದ ಸುತ್ತ ಎಲ್ಲರನ್ನೂ ಸೇರಿಸಿದ. ಜೇಬಿನಿಂದ ಇನ್ನೊಂದು ಮಿಷಿನ್ ತೆಗೆದು ಮೊದಲಿನದರ ಪಕ್ಕದಲ್ಲಿ ಇಟ್ಟ. ಎರಡೂ ಅವಳಿ ಜವಳಿ. ಒಂದರ ಎಡಗುಂಡಿ ಒತ್ತಿದ, ಬುಟ್ಟಿ ಜರುಗಿತು. ಇನ್ನೊಂದರದು ಜರುಗಲಿಲ್ಲ.

"ಸುಬ್ಬಯ್ಯಣ್ಣನಿಗೆ ಪೈತ್ಯ ಹಿಡಿದಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜ," ಎಂದ ಅಣ್ಣ. "ಉಕ್ಕಡದ ರೇಡಿಯೋ ರಿಪೇರಿ ಗೋವಿಂದಸಾಮಿ ಹೊಸದರ ಜೊತೆ ಹಳೆಯದನ್ನೂ ಅದೇ ಚೀಲದಲ್ಲಿ ಹಾಕಿ ಕೊಟ್ಟಿದ್ದಾನೆ. ಅದನ್ನು ಯಾರೂ ಎಸೆದಿಲ್ಲ. ನೂಲಿನ ಮೂಟೆಯಲ್ಲಿ ಬಚ್ಚಿಟ್ಟು, ಸತ್ತದ್ದನ್ನು ಇವರ ಕೈಗೆ ಕೊಡೋದು. ಇವರು ಕಿರುಚಿಕೊಂಡಾಗ, ನೀವು ಬರೋದರೊಳಗೆ ಚೆನ್ನಾಗಿರೋದನ್ನು ಇಡೋದು."

"ಯಾರು ಅಂತ ಗೊತ್ತಿದೆಯಲ್ಲ," ಎಂದು ರಾಜೇಂದ್ರನ್ ಅತ್ತಿಗೆಯ ಕಡೆ ನೋಡಿದ. ಅವಳು ಅವನನ್ನೇ ದುರುಗುಟ್ಟಿಕೊಂಡು ನೋಡಿದಳು.

"ಮೂಟೆ ಎಲ್ಲರ ಕೈಗೂ ಎಟುಕುತ್ತದೆ, ಅದರಿಂದ ಏನೂ ತಿಳಿಯೋದಿಲ್ಲ. ಆದರೆ ಎರಡರ ಮುಚ್ಚಳದ ಸಂದಿನಲ್ಲೂ ಗಂಧ ಇದೆ, ಕುಂಕುಮ ಇದೆ. ಪೂಜೆಯ ಮಣೆಯ ಮೇಲೆ ಇದ್ದದ್ದು ಒಂದೇ. ಈ ಮಿಷಿನ್ ಮನೆಗೆ ಬಂದ ಮೇಲೆ ಬಂದ ಮೊದಲ ಆಯುಧಪೂಜೆಯೇ ಇದು, ಹಳೆಯ ವರ್ಷದ್ದು ಎನ್ನೋ ಹಾಗಿಲ್ಲ. ಹಾಗಾದರೆ ಬಚ್ಚಿಟ್ಟದ್ದಕ್ಕೆ ಕುಂಕುಮ ಇಟ್ಟವರು ಯಾರು? ರಾಜೇಂದ್ರನ್ ತಟ್ಟೆಯ ಹತ್ತಿರ ಸುಳಿಯೋದಿಲ್ಲ. ರುಕ್ಮಣಿಗೆ ಮುಟ್ಟೋ ಹಾಗಿಲ್ಲ. ಮನೆಯಲ್ಲಿರೋ ಒಂದು ಸೂಜಿಯನ್ನೂ ಪೂಜೆಯಿಲ್ಲದೆ ಬಿಡಬಾರದು ಅನ್ನೋದು ಮೈಗೆ ಹತ್ತಿದವರು, ಕದ್ದಿಟ್ಟದ್ದನ್ನೂ ಬಿಡೋಕೆ ಆಗದವರು, ಈ ಮನೆಯಲ್ಲಿ ಒಬ್ಬರೇ. ಗಂಜಿ ಕುಡಿಸಿ, ಒರೆಸೋ ನೆಪದಲ್ಲಿ ಸೆರಗಿನೊಳಗೆ ಬದಲಾಯಿಸೋಕೆ ಆಗೋದೂ ಅವರಿಗೇ. ಕಣ್ಣಮ್ಮಕ್ಕಾ, ಯಾಕೆ?"

ಕಣ್ಣಮ್ಮ ಅಳಲಿಲ್ಲ. ಸೀರೆಯನ್ನು ಸ್ವಲ್ಪ ಎತ್ತಿ ಕಾಲಿನ ಕಲೆ ತೋರಿಸಿದರು.

"ರಾಜೇಂದ್ರ ಆಗ ಕೈಕೂಸು. ಇವರು ನನ್ನ ಬೀಗದ ಕೈ ಬಚ್ಚಿಡೋರು. ಮನೆಯೆಲ್ಲ ಹುಡುಕಿ ಅತ್ತ ಮೇಲೆ, ನನ್ನ ತಲೆದಿಂಬಿನ ಅಡಿಯಿಂದಾನೇ ತೆಗೆಯೋರು. ಉಪ್ಪಿನ ಜಾಡಿ, ಕುಂಕುಮದ ಡಬ್ಬಿ, ಎಲ್ಲಾ ಹಂಗೇ. ಇವಳಿಗೆ ಪೈತ್ಯ ಅಂತ ಊರೆಲ್ಲ ಸಾರಿ, ಮಂತ್ರವಾದಿ ಕೈಗೆ ಕೊಟ್ಟು, ಸರಪಳಿ ಹಾಕಿಸಿದರು. ಬೇವಿನ ಬರಲಲ್ಲಿ ಹೊಡೆಸಿದರು. ಯಾಕೆ? ಇನ್ನೊಬ್ಬಳನ್ನ ತಂದು ಮನೇಲಿ ಇಟ್ಕೊಳ್ಳೋಕೆ. ಈ ಆಟ ನಂಗೆ ಕಲಿಸಿದ್ದೇ ಇವರು." ಆಮೇಲೆ ಅಣ್ಣನ ಕಡೆ ತಿರುಗಿ, "ಕುಂಕುಮ ಇಡದೆ ಹೆಂಗಪ್ಪಾ ಬಿಡ್ಲಿ? ಅದೂ ಆಯುಧ ತಾನೇ," ಎಂದರು.

ಮಂಚದ ಮೇಲಿಂದ ಗೊರಗೊರ ಸದ್ದು ಬಂತು. ಸುಬ್ಬಯ್ಯನ್ ಅರ್ಧ ಬಾಯಲ್ಲಿ ನಗುತ್ತಿದ್ದರು. "ನಾನು... ಆಗ್ಲೇ... ಹೇಳ್ಲಿಲ್ವಾ... ಇವಳಿಗೆ ಪೈತ್ಯ."

ರಾಜೇಂದ್ರನ್ ಸತ್ತ ಮಿಷಿನನ್ನು ಕಿಟಕಿಯಿಂದ ಹಿತ್ತಲಿನ ತಿಪ್ಪೆಗೆ ಬೀಸಿ ಒಗೆದ. "ಕಾರು ಹೇಗೂ ಬರುತ್ತೆ. ಅಪ್ಪನ ಬದಲು ಅಮ್ಮ ಹೋಗಲಿ."

"ಲೋ, ಪೈತ್ಯದವರು ಇಷ್ಟು ಲೆಕ್ಕಾಚಾರ ಮಾಡ್ತಾರೇನೋ!" ಅಣ್ಣ ಕೂಗಾಡಿದ.

"ನೀವೇ ತಾನೇ ಅಣ್ಣಾ ಕಂಡುಹಿಡಿದಿದ್ದು?"

ರುಕ್ಮಣಿಯಾದರೂ ಬಾಯಿ ಬಿಡುತ್ತಾಳೆ ಎಂದು ನೋಡಿದೆ. ಅವಳು ಮಾಮನ ಕಟ್ಟು ಬಿಚ್ಚುತ್ತಾ ಕೂತಿದ್ದಳು. ಅವಳಿಗೆ ಬೇಕಾಗಿದ್ದ ಸೂರು ಉಳಿಯಿತಲ್ಲ! ಮನೆಗೆ ಬಂದ ಮೇಲೆ ನಾನು ಅಣ್ಣನಿಗೆ, ನಿನ್ನ ಪತ್ತೇದಾರಿಕೆಗೆ ಬೆಂಕಿ ಬೀಳ ಎಂದು ಬೈದೆ. ಅವನು ಊಟ ಮಾಡದೆ ಮಲಗಿದ.

ಬೆಳಗ್ಗೆ ಕಾರು ಬಂದಾಗ ನಾವೂ ಹೋದೆವು. ಕಣ್ಣಮ್ಮ ಹಣೆಗೆ ಕುಂಕುಮ ತಿದ್ದಿಕೊಂಡು, ಗಂಡನ ಪಾದ ಮುಟ್ಟಿ, ಹೊದಿಕೆ ಸರಿಪಡಿಸಿ, ಎದೆಯ ಮೇಲಿನ ಮಿಷಿನನ್ನು ಸೆರಗಿನಿಂದ ಒರೆಸಿಕೊಟ್ಟು ಬಂದರು. ಅವರ ಬೆರಳಿಗೆ ತಿಪ್ಪೆಯ ಬೂದಿ ಮೆತ್ತಿತ್ತು. ಕೈಹಿಡಿದು ಕಾರಿಗೆ ಹತ್ತಿಸಿದ್ದು ನಾನೇ. ಕೂತಾಗ ಅವರ ಮಡಿಲಿನಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಬಂತು. ಅವರು ನನ್ನ ಮುಖ ನೋಡಿದರು. ನಾನು ಬಾಗಿಲು ಹಾಕಿದೆ.

ಕಾರು ತಿರುಗುವ ಮೊದಲೇ ಮನೆಯೊಳಗಿನಿಂದ ಮುದುಕ ಅರಚಿದರು. "ಎಡಗಡೆ ಹಿಡೀತಿಲ್ಲ! ಇದು ನಂದಲ್ಲ! ಬದಲಾಯ್ಸಿದ್ದಾಳೆ!"

"ಹಳೇದನ್ನ ನಾನೇ ಒಗೆದೆನಲ್ಲ," ರಾಜೇಂದ್ರನ್ ತಲೆ ಚಚ್ಚಿಕೊಂಡ. "ಇವರಿಗೂ ನಿಜವಾಗಿ ಹಿಡಿದಿದೆ. ನಾಳೆ ಇನ್ನೊಂದು ಕಾರಿಗೆ ಹೇಳ್ತೀನಿ."

ಅಣ್ಣ ನನ್ನ ಕಡೆ ತಿರುಗಿದ. "ಅಮ್ಮಣಿ, ಕಾರಿನೊಳಗೆ ನಿನಗೆ ಏನಾದರೂ ಕೇಳಿಸಿತಾ?"

"ಇಲ್ಲಣ್ಣಾ," ಎಂದೆ. "ನಡಿ, ಕಾಫಿ ಕಾಸ್ತೀನಿ."