ಮರಳು ತುಂಬಿದ ಗೊಂಬೆ

“ಅದನ್ನ ಮುಟ್ಟಬೇಡಿ, ಟೈಲರಣ್ಣ. ಯಾರದೋ ಮನೆ ಕಾಯಿಲೆ ಅದ್ರೊಳಗಿದೆ. ಬಾಯಿ ಹೊಲಿದು ಸಮುದ್ರಕ್ಕೆ ಬಿಟ್ಟಿರ್ತಾರೆ.”

ಲಾಡ್ಜಿನ ಒಡತಿ ಹೇಳಿದ್ದು ಇಷ್ಟೇ. ದರ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅಲೆ ತಂದು ಮೆಟ್ಟಿಲ ಬುಡಕ್ಕೆ ಎಸೆದಿದ್ದ ಬಟ್ಟೆಯ ಗೊಂಬೆಯನ್ನು ಎತ್ತಿ, ನೀರು ಹಿಂಡಿ, ತಿರುಗಿಸಿ ನೋಡಿದ. ಕೊಳೆತ ಮೀನಿನ ನಾತ, ಅದರೊಳಗೆ ಸುಟ್ಟ ಕೂದಲಿನ ನಾತ. ಬಾಯಿದ್ದ ಕಡೆ ಕಪ್ಪು ದಾರದ ಅಡ್ಡಾದಿಡ್ಡಿ ಹೊಲಿಗೆ.

“ಕಾಯಿಲೆ ಹಾಗಿರಲಿ, ಈ ಹೊಲಿಗೆ ನೋಡಿದ್ರೇ ಜ್ವರ ಬರುತ್ತೆ,” ಎಂದು ನಕ್ಕ. “ಯಾವ ಪುಣ್ಯಾತ್ಮ ಹೊಲಿದಿದ್ದು? ಕಾಲಲ್ಲಿ ಹೊಲಿದನಾ?”

ಒಡತಿ ನಗಲಿಲ್ಲ. ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಅವನ ನಗುವೂ ಮೇಲುಮೇಲಿನದೇ. ಒಳಗೊಂದು ಮುಳ್ಳು ಚುಚ್ಚುತ್ತಿತ್ತು. ಪುಟ್ಟ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದ. ಹೊರಡುವಾಗ ಅವಳ ಮೈ ಬೆಚ್ಚಗಿತ್ತು. “ಅಪ್ಪಾ, ನಾನೂ ಬರ್ತೀನಿ” ಎಂದು ಅಂಗಿ ಹಿಡಿದವಳಿಗೆ, “ಬಟ್ಟೆ ತರೋಕೆ ಹೋಗ್ತಿದೀವಿ ಕಣೇ” ಎಂದು ಸುಳ್ಳು ಹೇಳಿ, ಬೆರಳು ಬಿಡಿಸಿಕೊಂಡು ಬಸ್ಸು ಹತ್ತಿದ್ದ. ವರ್ಷವಿಡೀ ಮಿಷನ್ ತುಳಿದವನಿಗೆ ಹೆಂಡತಿಯ ಜತೆ ನಾಲ್ಕು ಗಳಿಗೆ ನೆಮ್ಮದಿ ಬೇಕಿತ್ತು. ಬಂದು ನೋಡಿದರೆ ಯಾವ ಸುಡುಗಾಡು ನೆಮ್ಮದಿ! ಜನ ಬರುವ ಕಾಲವಲ್ಲ. ಬೀದಿಯ ಶಟರುಗಳೆಲ್ಲ ಇಳಿದಿದ್ದವು. ಗಾಳಿಗೆ ಯಾವುದೋ ಬೋರ್ಡು ಬಿಡದೆ ಕಿರುಗುಡುತ್ತಿತ್ತು. ಹೆಂಡತಿ ಶಾಲು ಹೊದ್ದು, ಸಮುದ್ರಕ್ಕೆ ಬೆನ್ನು ಹಾಕಿ, ಮೊಬೈಲು ನೋಡುತ್ತ ಕೂತಿದ್ದಳು.

ಮಗಳಿಗೆ ಏನಾದರೂ ಒಯ್ಯದೆ ಮುಖ ತೋರಿಸುವುದು ಹೇಗೆ? ಕೊಳ್ಳೋಣವೆಂದರೆ ಅಂಗಡಿಯಿಲ್ಲ. ಈ ಗೊಂಬೆಯನ್ನೇ ಚೆಂದ ಮಾಡಿದರಾಯಿತು.

ರೂಮಿನಲ್ಲಿ ಕೂತು ಚೀಲದಿಂದ ಕತ್ತರಿ ತೆಗೆದ. ಕಪ್ಪು ದಾರ ಬಿಚ್ಚಿದ. ಗೊಂಬೆಯ ಬಾಯಿಂದ ಒದ್ದೆ ಮರಳು ಬುಳಬುಳನೆ ಸುರಿಯಿತು. ಅದು ಬೆಚ್ಚಗಿತ್ತು. ಹರಿದ ಬಾಯಿಗೆ ತೇಪೆ ಬೇಕಲ್ಲ? ದರ್ಜಿಯ ಜೇಬಿನಲ್ಲಿ ಚಿಂದಿಗೆ ಬರವೇ? ಕೈಗೆ ಸಿಕ್ಕಿದ್ದು ಹೂವಿನ ತುಂಡು. ಮಗಳು ಹಾಕಿ ಹಾಕಿ ಸವೆಸಿದ ಫ್ರಾಕಿನಿಂದ ಕತ್ತರಿಸಿದ್ದು. ಅದನ್ನೇ ಇಟ್ಟು ನೀಟಾಗಿ ಹೊಲಿದ. ದಾರ ಕಚ್ಚಿದ.

ಹೆಂಡತಿಯ ಫೋನು ಬಡಿದುಕೊಂಡಿತು. ಅಕ್ಕನ ಕೂಗು ರೂಮಿಗೆಲ್ಲ ಕೇಳಿಸಿತು.

“ಮಗು ಉಸಿರಾಡ್ತಿಲ್ಲ ಕಣೇ! ಬಾಯಿ ತುಂಬ ಮರಳು... ತೆಗೆದಷ್ಟೂ ಬರ್ತಿದೆ! ಎಲ್ಲಿಂದ ಬರ್ತಿದೆಯೇ ಇದು?”

ದರ್ಜಿ ಗೊಂಬೆ ಹಿಡಿದು ಓಡಿ ಒಡತಿಯ ಬಾಗಿಲು ಗುದ್ದಿದ. ಹೆಂಡತಿ ಫೋನು ಕಿವಿಗಿಟ್ಟೇ ಹಿಂದೆ ಬಂದಳು. ಬಾಗಿಲು ಬೆರಳಷ್ಟು ತೆರೆಯಿತು. ಅವಳ ಕಣ್ಣು ಹೂವಿನ ತೇಪೆಯ ಮೇಲೆ ನಿಂತಿತು.

“ಮಗೂದಾ?”

“ಹೂಂ... ತಾಯೀ, ಏನಾದ್ರೂ ಮಾಡಿ!”

“ಅದನ್ನ ಕಿತ್ತು ತೆಗೀರಿ. ಆದ್ರೆ ಬಿಚ್ಚಿದ ಬಾಯಿ ಬರಿದೇ ಮುಚ್ಚಲ್ಲ, ಅದಕ್ಕೊಂದು ಜೀವ ಬೇಕು. ಮಗು ಬಿಟ್ಟು ಬೇರೆ ಯಾರದಾದ್ರೂ ಮೈಮೇಲಿನ ಬಟ್ಟೆ ಹಾಕಿ ಹೊಲಿದು ನೀರಿಗೆ ಎಸೀರಿ. ಎಸೆದ ಮೇಲೆ ಬದಲಾಯಿಸೋಕೆ ಆಗಲ್ಲ.”

“ಯಾರದು ಹಾಕಲಿ?”

“ಅದನ್ನ ನನ್ನ ಕೇಳಬೇಡಿ.” ಬಾಗಿಲು ಮುಚ್ಚಿತು.

ರೂಮಿಗೆ ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಕಿಟಕಿಯಲ್ಲಿ ಮುಸ್ಸಂಜೆಯ ಬೂದಿ ಬೆಳಕು, ಕೆಳಗೆ ಅಲೆಯ ಗುಟುರು. ಹೆಂಡತಿ ಅತ್ತ ತಿರುಗಿ ಫೋನಿಗೆ ಕೂಗುತ್ತಿದ್ದಳು: “ಉಸಿರೆಳ್ಕೋ ಕಂದಾ! ಅಮ್ಮ ಇದೀನಿ, ಎಳ್ಕೋ!”

ತೇಪೆ ಕಿತ್ತ. ಕೈಯೊಳಗೆ ಗೊಂಬೆ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು. ಅವನು ತನ್ನ ಅಂಗಿಯ ಅಂಚು ಹಿಡಿದ. ಕತ್ತರಿ ಇಟ್ಟ. ಅಲಗು ಹೊಟ್ಟೆಗೆ ತಣ್ಣಗೆ ತಾಗಿತು. ಇನ್ನು ತನ್ನ ಬಾಯಿ ತುಂಬ ಮರಳು. ಉಸಿರಿಲ್ಲ. ಕೈ ನಿಂತಿತು. ಫೋನಿನಲ್ಲಿ ಮಗಳ ಗೊರಗೊರ. ಮೊಣಕಾಲಿನ ಹತ್ತಿರ ಶಾಲಿನ ತುದಿ ಬಿದ್ದಿತ್ತು. ಕೈ ಅತ್ತ ಹೋಯಿತು. ತಾನೇ ಹೋಯಿತು ಎಂದುಕೊಂಡ. ಕಚಕ್. ಸೂಜಿ. ದಾರ. ಗಂಟು. ಕಿಟಕಿಯಾಚೆ ಎಸೆದ. ನೀರು ನುಂಗಿತು.

ಫೋನಿನಲ್ಲಿ ಮಗಳು ಜೋರಾಗಿ ಅತ್ತಳು. “ಅಮ್ಮಾ!”

“ಬದುಕಿತು! ಕೇಳಿದ್ರಾ, ನಮ್ಮ ಕೂಸು ಬದುಕಿತು!” ಹೆಂಡತಿ ಅಳುತ್ತ ನಗುತ್ತ ತಿರುಗಿದಳು. ಕೆಮ್ಮಿದಳು. ಮತ್ತೆ ಕೆಮ್ಮಿ, ಅಂಗೈ ನೋಡಿಕೊಂಡಳು. ಒದ್ದೆ ಮರಳು. ಇನ್ನೊಂದು ಕೈ ಶಾಲು ಎಳೆದುಕೊಳ್ಳಲು ಹೋಗಿ ತುದಿಯಲ್ಲಿ ನಿಂತಿತು. ಆ ನೇರವಾದ ಕತ್ತರಿಗುರುತನ್ನು ದರ್ಜಿಯ ಹೆಂಡತಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನ ಮುಖ ನೋಡಿದಳು. ಆಮೇಲೆ ಅವನ ಅಂಗಿ.

“ನಿಮ್ಮ ಮೈಮೇಲೂ ಬಟ್ಟೆ ಇತ್ತಲ್ರೀ,” ಎಂದಳು.

ಆಮೇಲೆ ಅವಳ ಬಾಯಿಂದ ಮರಳು ಬಿಟ್ಟು ಬೇರೇನೂ ಬರಲಿಲ್ಲ. ನೆಲಕ್ಕೆ ಬಿದ್ದ ಫೋನಿನಲ್ಲಿ ಮಗಳು ಅಮ್ಮನನ್ನು ಕರೆಯುತ್ತಲೇ ಇದ್ದಳು.