ಹೊಗಳಿದ್ದಕ್ಕೆ ಜಗಳ

ಜೂದಿತ್ ಆ ದಿನ ಅಚ್ಚುಮನೆಗೆ ಹೊರಟಿದ್ದು "ಹೂಂ" ಅನ್ನುವುದಕ್ಕೆ. ಹೋದ ಭಾನುವಾರ ಪ್ರಾರ್ಥನೆ ಮುಗಿಸಿ ಬರುವಾಗ ಇಸಾಕ್ ಕಿವಿ ಕೆಂಪಗೆ ಮಾಡಿಕೊಂಡು ಮದುವೆಯ ಮಾತು ಎತ್ತಿದ್ದ. ವಾರ ಕಾಯಿಸಿದ್ದೇ ಹೆಚ್ಚಾಯಿತು ಎಂದುಕೊಂಡು ಅವಳು ಇದ್ದುದರಲ್ಲಿ ಒಳ್ಳೆಯ ಉಡುಪು ತೊಟ್ಟು, ಲ್ವಾರ್ ನದಿಯ ಗಾಳಿಗೆ ಟೋಪಿ ಹಿಡಿದುಕೊಂಡು ಸೇತುವೆ ದಾಟಿ ಬಂದಳು.

ಅಚ್ಚುಮನೆಯ ಹಗ್ಗದ ಮೇಲೆ ಇಸಾಕ್ ಗ್ರೀಕಿನಿಂದ ತಂದ ಹೊಸ ನಾಟಕದ ಮುನ್ನುಡಿಯ ಕರಡಚ್ಚು ಒಗೆದ ಬಟ್ಟೆಯ ಹಾಗೆ ಒಣಗುತ್ತಿತ್ತು. ಅವನ ಮುನ್ನುಡಿ ಎಂದರೆ ಇಡೀ ಸೊಮ್ಯೂರ್ ಪಟ್ಟಣಕ್ಕೆ ಗೊತ್ತು, ಗ್ರೀಕ್ ಕೃತಿಗಳನ್ನು ಫ್ರೆಂಚಿಗೆ ಅನುವಾದಿಸಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಚರ್ಮ ಸುಲಿಯುವ ಜಾಗ. ಒಬ್ಬ ಮುದುಕನನ್ನು ಕತ್ತೆ ಎಂದಿದ್ದ. ಇನ್ನೊಬ್ಬನನ್ನು ಕಟುಕ ಎಂದಿದ್ದ. ಜೂದಿತ್ ನಗುನಗುತ್ತಾ ಓದುತ್ತಿದ್ದವಳು ತನ್ನ ಹೆಸರು ಬಂದಲ್ಲಿ ನಿಂತುಬಿಟ್ಟಳು.

'ಇನ್ನು ಕುಮಾರಿ ಜೂದಿತ್ ಅವರು ಗ್ರೀಕಿನಿಂದ ತಂದ ನಾಟಕ. ಹೆಣ್ಣಿನ ಕೋಮಲ ಕೈಯಿಂದ ಇಷ್ಟು ಚೆಂದ ಬಂದಿರುವುದೇ ಸೋಜಿಗ. ಇದರಲ್ಲಿ ಕೊರತೆ ಹುಡುಕುವವನು ರಸಿಕನಲ್ಲ.'

ಮೈಯೆಲ್ಲ ಉರಿದುಹೋಯಿತು. ಆ ಹಾಳೆಯನ್ನು ಹಗ್ಗದಿಂದ ಕಿತ್ತಳು.

"ಇಸಾಕ್!"

ಅವನು ಒಳಗಿನಿಂದ ಓಡಿ ಬಂದ. ಮುಖದಲ್ಲಿ ಆಗಲೇ ಮದುಮಗನ ಕಳೆ. "ಓದಿದ್ಯಾ? ಇಷ್ಟ ಆಯ್ತಾ?"

"ಏನಿದು? ನಾನೇನು ಸತ್ತುಹೋಗಿದೀನಾ, ಇಷ್ಟೊಂದು ಹೊಗಳೋಕೆ?"

"ಅಯ್ಯೋ, ಒಳ್ಳೇದು ಬರೆದಿದ್ದಕ್ಕೂ ಬೈತಿದೀಯಲ್ಲೇ!"

"ಇವತ್ತಿನವರೆಗೆ ನೀನು ಯಾರನ್ನ ಹೊಗಳಿದೀಯಾ, ಹೇಳು! ಆ ಮುದುಕನಿಗೆ ಕತ್ತೆ ಅಂದೆ. ನಿನ್ನ ಬಾಯಲ್ಲಿ ಕತ್ತೆ ಅನ್ನಿಸ್ಕೊಳ್ಳೋಕೂ ಒಂದು ಯೋಗ್ಯತೆ ಬೇಕು ಅಂತ ಊರಿಗೇ ಗೊತ್ತು. ನನಗೆ ಅದೂ ಇಲ್ವಾ?"

ಅಚ್ಚುಮನೆಯ ಒಡತಿ, ವಿಧವೆ ಮದಾಮ್ ಬ್ರೆಸೋನ್, ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು. "ಮಕ್ಕಳಾ, ಆ ಹಾಳೆ ಸಿಗದೆ ಅತ್ತ ಯಂತ್ರ ನಿಂತಿದೆ. ಆಳುಗಳು ಕೂತು ನನ್ನ ವೈನ್ ಖಾಲಿ ಮಾಡ್ತಿದಾರೆ. ಜಗಳ ಆಮೇಲಿಟ್ಕೊಳ್ಳಿ."

ಜೂದಿತ್ ಕೇಳಿಸಿಕೊಳ್ಳಲಿಲ್ಲ. "ನನ್ನ ಪುಸ್ತಕದಲ್ಲಿ ತಪ್ಪೇ ಇಲ್ವಾ? ನಮ್ಮಪ್ಪನ ಆಣೆ, ನಿಜ ಹೇಳು."

ಅವಳ ಅಪ್ಪನೇ ಇಸಾಕನಿಗೆ ಗ್ರೀಕ್ ಕಲಿಸಿದವರು. ಒಂದೇ ಮೇಜಿಗೆ ಕೂತು, ಒಂದು ಸಾಲಿಗಾಗಿ ಮೂವರೂ ಕಿತ್ತಾಡಿ, ಸಾರು ಆರಿಹೋದ ಮೇಲೆ ಉಂಡು ಬೆಳೆದವರು ಅವರು.

"ಇದೆ," ಎಂದ ಇಸಾಕ್.

"ಇದ್ರೂ ಬರೀಲಿಲ್ಲ! ಆಯ್ತು ಮಹಾಶಯ ಇಸಾಕ್ ಅವರೇ, ನನ್ನ ಉತ್ತರಾನೂ ಕೇಳಿಸ್ಕೊಳ್ಳಿ. ಆಗಲ್ಲ. ಸುಳ್ಳು ಹೇಳೋ ಗಂಡಸಿನ ಜೊತೆ ಕೂತು ಉಣ್ಣೋಕೆ ನನ್ನಿಂದಾಗಲ್ಲ."

ಅವನ ಮುಖ ಬಿಳಿಚಿಕೊಂಡಿತು. "ನಿಜ ಹೇಳಿ ಹೇಳಿ ನನಗೆ ಒಬ್ಬ ಸ್ನೇಹಿತ ಉಳಿದಿಲ್ಲ ಜೂದಿತ್. ನಿನ್ನನ್ನೂ ಕಳ್ಕೊಳ್ಳಬೇಕಿತ್ತಾ?"

"ಈಗ ಕಳ್ಕೊಂಡ್ರಿ!"

ಕೈಗೆ ಸಿಕ್ಕಿದ್ದು ಅಚ್ಚಿಗೆ ಮಸಿ ಬಳಿಯುವ ಚರ್ಮದ ಉಂಡೆ. ಎಸೆದೇಬಿಟ್ಟಳು. ಅದು ಅವನ ಬಿಳಿ ಕಾಲರಿಗೆ ಬಡಿದು ಗಲ್ಲದವರೆಗೂ ಕಪ್ಪಾಯಿತು. ಇಷ್ಟು ಹೊತ್ತು ತಡೆದುಕೊಂಡಿದ್ದ ಇಸಾಕನ ಸಿಟ್ಟೂ ಆಗ ನೆತ್ತಿಗೇರಿತು.

"ಹಾಗಾದ್ರೆ ಕೇಳು! ನಿನ್ನ ನಾಟಕದ ಮೀನುಗಾರ್ತಿ! ಸಿಪಾಯಿ ಬಂದು ಅವಳ ಬುಟ್ಟಿ ಕಿತ್ಕೊಂಡಾಗ ಗ್ರೀಕಲ್ಲಿ ಅವಳು ಬೆಂಕಿ ಉಗುಳ್ತಾಳೆ. ನಿನ್ನ ಫ್ರೆಂಚಲ್ಲಿ? 'ಸ್ವಾಮಿ, ತಾವು ಮಾಡಿದ್ದು ಉಚಿತವಲ್ಲ!' ಇಡೀ ನಾಟಕದಲ್ಲಿ ಅವಳೊಬ್ಬಳಿಗೇ ನಿಜವಾದ ಸಿಟ್ಟು ಬರೋದು, ಅವಳ ಬಾಯಿಗೇ ಬಟ್ಟೆ ತುರುಕಿದೆ. ಯಾಕೆ? ಪ್ಯಾರಿಸಿನ ದೊಡ್ಡಮನೆ ಹೆಂಗಸರು ಮೂಗು ಮುರೀತಾರೆ ಅಂತ. ಹೇಡಿ ನೀನು!"

ನಿಜವಾದ ಮಾತು, ಅದಕ್ಕೇ ಚುಚ್ಚಿತು. ಅದನ್ನು ಬರೆಯುವಾಗ ಅವಳೇ ಒರಟು ಮಾತು ಹೊಡೆದುಹಾಕಿ ಮೆತ್ತಗೆ ಮಾಡಿದ್ದಳು. ಈಗ ಕಣ್ಣು ತುಂಬಿ ಬಂತು.

"ಹೆಣ್ಣು ಹಾಗೆ ಬರೆದ್ರೆ ಬೀದೀಲಿ ಏನಂತಾರೆ ಗೊತ್ತಾ ನಿನಗೆ? ಗಡ್ಡ ಇರೋನಿಗೆ ಎಲ್ಲಾ ಸಲೀಸು! ಹಾಳಾಗ್ಹೋಗು! ನಿನ್ನ ಬಾಯಿಗೆ ಕೊಳೆತ ಹಾವುಮೀನು ಹಾಕ! ನಿನ್ನ ದೋಣಿ ಮರಳಲ್ಲಿ ಹೂತ್ಹೋಗ, ನಿನ್ನ ಗಡಿಗೆ ತಳ ಒಡೆದು ನಿನ್ನ ಸಾರು ಬೂದಿ ಪಾಲಾಗ!"

ಆಳುಗಳು ಲೋಟ ಕೆಳಗಿಟ್ಟರು. ಮದಾಮ್ ಬ್ರೆಸೋನ್ ತೆರೆದ ಬಾಯಿ ಮುಚ್ಚಲಿಲ್ಲ.

ಇಸಾಕ್ ಮಸಿ ಮೆತ್ತಿದ ಮುಖದಲ್ಲಿ ಅವಳನ್ನೇ ನೋಡುತ್ತಾ ನಿಂತಿದ್ದ. "ಇದೇ ಕಣೇ," ಎಂದ ಮೆಲ್ಲಗೆ. "ಅವಳು ಹೀಗೇ ಬೈಯೋದು. ಇದನ್ನೇ ಬರಿ."

ಜೂದಿತ್ ಮೂಗು ಒರೆಸಿಕೊಂಡಳು. ಕಿತ್ತ ಹಾಳೆಯನ್ನು ಮೇಜಿನ ಮೇಲೆ ಬಡಿದು, ಲೇಖನಿ ಅವನ ಮುಂದೆ ಹಿಡಿದಳು. "ಮೊದಲು ನೀನು ಬರಿ. ಹೇಡಿ ಅಂದ್ಯಲ್ಲ, ಅದನ್ನ."

ಅವನು 'ಕೋಮಲ ಕೈ' ಎಂಬ ಸಾಲನ್ನು ಹೊಡೆದುಹಾಕಿದ. ಅಂಚಿನಲ್ಲಿ ಬರೆದ: 'ಜೂದಿತ್ ತಮ್ಮ ಮೀನುಗಾರ್ತಿಯ ಬಾಯಿ ಕಟ್ಟಿದ್ದಾರೆ. ಇಷ್ಟು ಗ್ರೀಕ್ ಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಅಂಥವರು ಹೆದರಿದ್ದು ನಾಚಿಕೆಗೇಡು.'

ಅವಳು ಓದಿದಳು, ಇನ್ನೊಮ್ಮೆ ಓದಿದಳು. ಹಾಳೆ ಒಡತಿಯ ಕೈಗೆ ಹೋಯಿತು. ಯಂತ್ರ ಮತ್ತೆ ಕಿರುಗುಟ್ಟಿತು.

"ನನ್ನ ಮುಂದಿನ ಮುದ್ರಣ ಬರಲಿ, ಮುನ್ನುಡೀಲಿ ನಿನ್ನ ಚರ್ಮ ಸುಲೀತೀನಿ," ಎಂದಳು.

"ಸುಲಿ. ಮದುವೆಗೆ ಮುಂಚೆನಾ, ಆಮೇಲಾ?"

ಅವಳು ಕೈವಸ್ತ್ರ ತೆಗೆದು ಅವನ ಗಲ್ಲ ಉಜ್ಜಿದಳು. ಮಸಿ ಕಿವಿಯವರೆಗೂ ಹರಡಿತು. ಕಿವಿ ಆಗಲೇ ಕೆಂಪಾಗಿತ್ತು.

"ಆಮೇಲೆ," ಎಂದಳು, ಇನ್ನೂ ಸಿಟ್ಟಿನಲ್ಲೇ. "ಈಗ ಮನೆಗೆ ನಡಿ, ಸಾರು ಆರ್ತಿದೆ. ನಿನ್ನ ಮೂರನೇ ಅಂಕ ಪೂರ್ತಿ ತಪ್ಪು, ದಾರೀಲಿ ಹೇಳ್ತೀನಿ."